ಸೊಕ್ಕೆ ರಸ್ತೆಯ ಕೆಮ್ಮು

ಮೊಬೈಲ್ ಆ ಕಡೆ ಇಡ್ರಿ, ಹೇಳ್ತೀನಿ. ಆದ್ರೆ ನಡುವೆ ಯಾರೂ ನಗಬಾರ್ದು...

ಇದು ನಮ್ಮ ಚಿಕ್ಕಪ್ಪನ ಮಗ ಕೆಂಚೇಶಗೆ ಆಗಿದ್ದು. ನ್ಯಾಮತಿಯಾಗೆ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಾನೆ. ಸುಳ್ಳು ಹೇಳೋ ಪೈಕಿ ಅಲ್ಲ. ಯಾರನ್ನೂ ನಂಬೋ ಪೈಕಿನೂ ಅಲ್ಲ.

ಅವನ ಅಣ್ಣ ಓಬಣ್ಣ. ಕುಡಿತ ಹತ್ತಿ ಮನೆ ಬಿಟ್ಟ. ಹೊನ್ನಾಳಿ ಬಸ್ ಸ್ಟ್ಯಾಂಡಿನಾಗೆ ಮಲಗ್ತಿದ್ದ. ಜೊತೆಗೆ ತಿಪ್ಪೇರುದ್ರ ಅಂತ ಇನ್ನೊಬ್ಬ ಕುಡುಕ. ಚಳಿಗಾಲದಾಗೆ ಇಬ್ಬರಿಗೂ ಒಂದೇ ಗೋಣಿಚೀಲ ಹೊದಿಕೆಯಂತೆ. ಕೆಂಚೇಶ ತಿಪ್ಪೇರುದ್ರನ ಮುಖ ನೋಡಿರ್ಲಿಲ್ಲ. ಹೆಸರು ಕೇಳಿದ್ದ, ಅಷ್ಟೆ.

ಹೋದ ವರ್ಷ ಮುತ್ತುರಾಜ್ ಅನ್ನೋರು, ಏಸು ಮಿಷನ್ನಿನೋರು, ವ್ಯಾನ್ ತಂದು ಇಬ್ಬರನ್ನೂ ಹತ್ತಿಸ್ಕೊಂಡು ಹೋದ್ರು. ಜಗಳೂರು ದಾಟಿ ಸೊಕ್ಕೆ ರಸ್ತೆಯಾಗೆ ಅವರದೊಂದು ಆಶ್ರಮ. ರಸ್ತೆ ಮ್ಯಾಲೆ ಬಿದ್ದೋರಿಗೆ ಸ್ನಾನ ಮಾಡ್ಸಿ, ಉಣ್ಣಾಕೆ ಹಾಕಿ, ಕುಡಿತ ಬಿಡಿಸ್ತಾರೆ. ಜನದ ಮಾತು ಬ್ಯಾರೆ. ಜಾತಿ ಕೆಡಿಸ್ತಾರೆ ಅಂದ್ರು ಒಬ್ರು. ಕಿಡ್ನಿ ತೆಗೀತಾರೆ ಅಂದ್ರು ಇನ್ನೊಬ್ರು. ಒಳಗೆ ಹೋದೋನು ಒಬ್ಬ ಕಾಣ್ತಿಲ್ಲ ಅಂತ ಬಸ್ಸಿನಾಗೆ ಯಾರೋ ಅಂದ್ರಂತೆ... ಅದು ಇವರವ್ವ ಲಕ್ಷ್ಮಮ್ಮನ ಕಿವಿಗೆ ಬಿತ್ತು.

"ಹೋಗಿ ಕರ್ಕೊಂಡು ಬಾ. ಕುಡುಕನಾದ್ರೂ ಆಗ್ಲಿ, ಜೀವಂತ ಇರ್ಲಿ" ಅಂದ್ಲು.

ಕೆಂಚೇಶ ಹೊರಟ. ಬಸ್ಸು ಕ್ರಾಸಿಗೆ ಇಳಿಸಿ ಹೋದಾಗ ಕತ್ತಲಾಗಿತ್ತು. ಎರಡೂ ಕಡೆ ಕಟಾವಾಗ್ದ ಬ್ಯಾಸಗಿ ಮೆಕ್ಕೆಜೋಳ. ಗಾಳಿಗೆ ಒಣ ದಂಟು ಸರಸರ... ಸರಸರ. ಮುಂದೆ ರಸ್ತೆ ಪಕ್ಕ ಒಂದು ಹಾಳುಬಾವಿ. ಅದರ ಕಟ್ಟೆ ಮ್ಯಾಲಿಂದ ಕೆಮ್ಮು ಕೇಳ್ತು.

ಖಳ್... ಖಳ್ ಖಳ್. ಕೊನೆಗೆ ಸೀಟಿ ಊದಿದಂಗೆ ಒಂದು ಉಸಿರು... ಸುಂಯ್...

ಒಬ್ಬ ಕುಕ್ಕರುಗಾಲಿನಾಗೆ ಕೂತಿದ್ದ.

"ಓಬಣ್ಣನ ತಮ್ಮ ಅಲ್ಲೇನು?" ಅಂದ, ಪಿಸುಮಾತಿನಾಗೆ. "ಅದೇ ನಡಿಗೆ."

"ಹೌದು. ನೀನ್ಯಾರು?"

"ತಿಪ್ಪೇರುದ್ರ. ಅವನಿಗೆ ಹೇಳು... ನಾನು ಊರಿಗೆ ಹೋಗಿಲ್ಲ."

"ನೀನೇ ಬಂದು ಹೇಳು, ಬಾ."

"ನನ್ನ ಒಳಗೆ ಬಿಡಲ್ಲ."

ಅಷ್ಟೇ ಮಾತು. ಓ, ಕಾಯಿಲೆ ಮನುಷ್ಯನ್ನ ಹೊರಗೆ ಹಾಕ್ಯಾರೆ, ಜನ ಅಂದಿದ್ದು ಖರೇ ಐತೆ ಅಂದ್ಕೊಂಡು ಕೆಂಚೇಶ ಬಿರಬಿರನೆ ನಡೆದ.

ಮುತ್ತುರಾಜರೇ ಗೇಟ್ ತೆಗೆದ್ರು. ಸಣಕಲು ಮನುಷ್ಯ, ಮೆತ್ತಗೆ ಮಾತಾಡೋರು. ಒಳಗೆ ಓಬಣ್ಣ ಒಬ್ಬ ಮುದುಕನಿಗೆ ಗಂಜಿ ಕುಡಿಸ್ತಿದ್ದ. ಕೈ ನಡುಗ್ತಿರ್ಲಿಲ್ಲ. ಮುಖದಾಗೆ ಕಳೆ ಇತ್ತು. ಎಷ್ಟೋ ವರ್ಷದ ಮ್ಯಾಲೆ ತಮ್ಮನ ಹೆಸರು ಹಿಡಿದು ನೆಟ್ಟಗೆ ಕರೆದ. ಕೆಂಚೇಶ ಹೋಗಿ ಪಕ್ಕದಾಗೆ ಕೂತ. ಆದ್ರೂ ಗುಮಾನಿ ಹೋಗ್ಲಿಲ್ಲ. ಇಷ್ಟು ಚೆಂದ ಯಾಕೆ ನೋಡ್ಕಂತಾರೆ? ಏನು ಸಿಗ್ತೈತೆ ಇವರಿಗೆ?

ಮುತ್ತುರಾಜ್ ಚಾ ತಂದ್ರು. ಅವರ ಮುಂದೇನೇ ಕೇಳಿದ. "ಅಣ್ಣ, ತಿಪ್ಪೇರುದ್ರ ಎಲ್ಲಿ?"

"ಊರಿಗೆ ಹೋದ. ಇಲ್ಲಿಗೆ ಬಂದ ಹೊಸದ್ರಾಗೆ ನನಗೆ ಮೈಮ್ಯಾಲೆ ಗ್ಯಾನ ಇರ್ಲಿಲ್ಲ. ಸುಧಾರಿಸ್ಕೊಂಡು ನೋಡಿದ್ರೆ ಅವನ ಚಾಪೆ ಖಾಲಿ. ಮನೆಯೋರು ಬಂದು ಕರ್ಕೊಂಡು ಹೋದ್ರು ಅಂದ್ರು ಈ ಮುತ್ತುರಾಜ್ ಬ್ರದರ್."

"ಈಗ ಬಾವಿಕಟ್ಟೆ ಮ್ಯಾಲೆ ಕೂತಾನೆ. ಊರಿಗೆ ಹೋಗಿಲ್ಲ ಅಂತ ಹೇಳು ಅಂದ."

ಮುತ್ತುರಾಜ್ ಚಾ ತಟ್ಟೆ ಹಂಗೇ ಕೆಳಗಿಟ್ಟು ಬಾಗಿಲ ಕಡೆ ಸರಿದ್ರು. ಸಿಕ್ಕಿಬಿದ್ದ ಅಂದ್ಕೊಂಡ ಕೆಂಚೇಶ.

ಓಬಣ್ಣ ಎದ್ದು ಹೊರಟ. ಮುತ್ತುರಾಜ್ ಬಾಗಿಲಿಗೆ ಅಡ್ಡ ನಿಂತ್ರು.

"ಬ್ಯಾಡ ಓಬಣ್ಣ."

"ಯಾಕೆ?"

ಆಗ ಗೇಟಿನ ಆ ಕಡೆಯಿಂದ ಬಂತು. ಖಳ್... ಖಳ್ ಖಳ್... ಸುಂಯ್...

"ಅವಂದೇ ಕೆಮ್ಮು" ಅಂದ ಓಬಣ್ಣ.

ಮುತ್ತುರಾಜ್ ಅಲ್ಲೇ ಹೊಸ್ತಿಲ ಮ್ಯಾಲೆ ಕೂತ್ರು. ದನಿ ಇಲ್ದಂಗೆ ಹೇಳಿದ್ರು. "ಅವನು ಸತ್ತು ಹೋದ. ಕುಡಿತ ನಿಂತಿದ್ದಕ್ಕೆ ಫಿಟ್ಸ್ ಬಂತು. ಪ್ರಾರ್ಥನೆ ಮಾಡಿದ್ರೆ ತಡೀತೈತೆ ಅಂತ ಕೂತೆ. ಆಸ್ಪತ್ರೆಗೆ ಒಯ್ಯೋದು ತಡ ಆತು... ಪೊಲೀಸ್ನೋರು ಬಂದ್ರು. ವಾರಸುದಾರರು ಸಿಗ್ಲಿಲ್ಲ. ಬಾವಿ ಹಿಂದಿನ ನಮ್ಮ ಹೊಲದಾಗೇ ಮಣ್ಣು ಮಾಡಿದ್ವಿ. ನಿನಗೆ ಹೇಳಿದ್ರೆ ಮತ್ತೆ ಬಾಟ್ಲಿ ಹಿಡೀತಿ ಅಂತ ಹೆದರಿದೆ."

ಅಣ್ಣ ಈಗ ಹೊಡೀತಾನೆ ಅಂತ ಕೆಂಚೇಶ ಕಾದ. ಹೊಡೀಲಿಲ್ಲ. ಅವರನ್ನ ದಾಟಿ ಹೊರಗೆ ಹೋದ.

ಕೆಂಚೇಶ ಗೇಟಿನ ತನಕ ಹೋಗಿ ನಿಂತ. ಕತ್ತಲಾಗೆ ಅಣ್ಣನ ದನಿ ಕೇಳ್ತಿತ್ತು. ಮಾತಾಡ್ತಾನೆ... ಸುಮ್ಮನಾಗ್ತಾನೆ... "ಹ್ಞೂಂ" ಅಂತಾನೆ... ಮತ್ತೆ ಮಾತಾಡ್ತಾನೆ. ಒಂದ್ಸಲ ಇಬ್ಬರು ನಕ್ಕಂಗೆ ಆತಂತೆ. ಆಮ್ಯಾಲೆ ಕೆಮ್ಮು ಎದ್ದು ರಸ್ತೆಗೆ ಬಂತು. ಗೇಟಿನ ಮುಂದೇನೇ ಹಾದು, ಕ್ರಾಸಿನ ಕಡೆ ಹೊರಟಿತು. ಖಳ್... ಖಳ್... ಕೆಂಚೇಶ ಬ್ಯಾಟ್ರಿ ಬೆಳಕು ಬಿಟ್ಟ. ಡಾಂಬರು ಬಿಟ್ರೆ ಏನಿಲ್ಲ. ಕೆಮ್ಮು ದೂರ ಆಗ್ತಾ ಆಗ್ತಾ... ನಿಂತು ಹೋತು.

ಓಬಣ್ಣ ಬಂದು ಕಾಲು ತೊಳ್ಕೊಂಡ.

"ಅವನಿಗೆ ದಾರಿ ಮರೆತು ಹೋಗಿತ್ತು. ಚನ್ನಗಿರಿಗೆ ಹೆಂಗೆ ಹೋಗಬೇಕು ಅಂತ ಹೇಳಿ ಕಳಿಸಿದೆ. ಅಲ್ಲಿ ಅವನ ಅಕ್ಕ ಅದಾಳೆ" ಅಂದ. ಆಮ್ಯಾಲೆ ಮುತ್ತುರಾಜರಿಗೆ, "ಇನ್ನು ಮ್ಯಾಲೆ ಯಾರನ್ನೇ ತರ್ರಿ, ಮೊದ್ಲು ಆಸ್ಪತ್ರೆ. ನಾನೇ ವ್ಯಾನಿನಾಗೆ ಬರ್ತೀನಿ."

ಮನೆಗೆ ಬಾ ಅಂದ್ರೆ ಬರ್ಲಿಲ್ಲ. ಈಗ್ಲೂ ಅಲ್ಲೇ ಅದಾನೆ. ಕುಡಿದಿಲ್ಲ.

ಬೆಳಗ್ಗೆ ಕೆಂಚೇಶ ನನಗೆ ಫೋನ್ ಮಾಡಿದ. ದನಿ ಕೇಳಿಯೇ ನಾನು ದಾವಣಗೆರೆಯಿಂದ ಹೊರಟು ಆಶ್ರಮ ಮುಟ್ಟಿದೆ. ಚನ್ನಗಿರಿಗೆ ಹೋಗಿ ಆ ಅಕ್ಕನ್ನ ಹುಡುಕಿ ಸುದ್ದಿ ಮುಟ್ಟಿಸ್ಬೇಕು ಅಂತ ನಾವು ಏಳೋದ್ರಾಗೆ, ಗೇಟಿನ ಹತ್ರ ಒಬ್ಬ ಹೆಂಗಸು ಬಂದು ನಿಂತ್ಲು. ಬಸ್ಸಿನ ಧೂಳು ಮೈತುಂಬ. ಊರು ಚನ್ನಗಿರಿ, ಹೆಸರು ಅಂತರಘಟ್ಟಮ್ಮ ಅಂದ್ಲು.

"ನನ್ನ ತಮ್ಮ ತಿಪ್ಪೇರುದ್ರ, ಇಲ್ಲೇ ಇರೋದು ಅಂತ ಅವನೇ ಅಂದ. ರಾತ್ರಿ ಮನೆಗೆ ಬಂದಿದ್ದ, ಉಂಡ. ಕುಡಿದಿರ್ಲಿಲ್ಲ ಕಣ್ರಿ. ಬೆಳಗ್ಗೆ ಎದ್ದು ನೋಡಿದ್ರೆ ಹೇಳ್ದೇ ಹೊರಟು ಹೋಗ್ಯಾನೆ. ಸ್ವಲ್ಪ ಕರೀರಿ."

ಮುತ್ತುರಾಜರೇ ಆಯಮ್ಮನ ಕೈ ಹಿಡಿದು ಹೊಲದ ಕಡೆ ಕರ್ಕೊಂಡು ಹೋದ್ರು. ಆಯಮ್ಮ ಅತ್ತಿದ್ದು ಏನು ಹೇಳ್ಲಿ.

ಕೆಂಚೇಶ ಆಗ್ಲೂ ನಂಬ್ಲಿಲ್ಲ. ಇದ್ರಾಗೂ ಏನೋ ಆಟ ಐತೆ ಅಂದ. ಆಯಮ್ಮನ್ನ ಊರು ಮುಟ್ಟಿಸೋ ನೆಪದಾಗೆ ಅವಳ ಜೊತೆಗೇ ಬಸ್ ಹತ್ತಿದ. ನಾನೂ ಹತ್ತಿದೆ. ಅವಳ ಮನೆ ಮುಟ್ಟಿದಾಗ ದೀಪ ಹಚ್ಚೋ ಹೊತ್ತು. ಬೀಗ ತೆಗೆದು ಒಳಗೆ ಹೋದ್ವಿ. ಒಲೆ ಪಕ್ಕದಾಗೆ ಅವನು ರಾತ್ರಿ ಉಂಡ ತಟ್ಟೆ ಅಂತ ಆಯಮ್ಮ ತೋರ್ಸಿದ್ಲು, ತೊಳೆದು ಬೋರಲು ಹಾಕಿತ್ತು. ಕೆಂಚೇಶ ಎತ್ತಿದ.

ಬೆಳಗಿನಿಂದ ಬೀಗ ಹಾಕಿದ ಮನೆ, ಬ್ಯಾಸಗಿ ಬ್ಯಾರೆ... ತಟ್ಟೆ ಇನ್ನೂ ಹಸಿ ಇತ್ತು. ನಾನೇ ಬೆರಳಿಟ್ಟು ನೋಡೀನಿ.