ರುಬ್ಬಿ ನೋಡಿ, ಆಮೇಲೆ ಕೊಳ್ಳಿ

ವಿಜಯನಗರದ ಸೀಮೆಎಣ್ಣೆ ಸಾಲಿನಲ್ಲಿ ಅಂಬುಜಾ ಕ್ಯಾನು ಹಿಡಿದು ನಿಂತಿದ್ದಳು. ಅವಳ ಗಂಡ ಹೊಸದಾಗಿ ಗ್ರೈಂಡರ್ ಅಂಗಡಿ ಇಟ್ಟಿದ್ದ. ‘ಅಕ್ಕಿ ಬೇಳೆ ನೆನೆಸಿ ತನ್ನಿ, ನೀವೇ ರುಬ್ಬಿ ನೋಡಿ, ಆಮೇಲೆ ಕೊಳ್ಳಿ’ ಎಂದು ಬಾಗಿಲಲ್ಲೇ ಬೋರ್ಡು ತೂಗುಹಾಕಿದ್ದ. ಜನವೇನೋ ಮುತ್ತುತ್ತಿತ್ತು, ಗ್ರೈಂಡರ್ ಮಾತ್ರ ಒಂದೂ ಹೋಗಿರಲಿಲ್ಲ. ಮುಂದೆ ನಿಂತಿದ್ದ ಇಬ್ಬರು ಹೆಂಗಸರು ಅದೇ ಅಂಗಡಿಯ ಮಾತೆತ್ತಿದಾಗ ಅವಳ ಕಿವಿ ನಿಮಿರಿದವು.

“ಗಂಗಲಕ್ಷ್ಮಕ್ಕಾ, ನಿನ್ನೆ ಅಲ್ಲಿ ರುಬ್ಬಿದ ಹಿಟ್ಟು ಹೆಂಗಿತ್ತು?”

“ಬೆಣ್ಣೆ ಇದ್ದಂಗಿತ್ತು ಕಣೇ! ಇಡ್ಲಿ ಹೂವಿನಂಗೆ ಬಂತು.”

“ನಂಗಂತೂ ಈಗ ಮನೆ ಒರಳು ಮುಟ್ಟಕ್ಕೇ ಮನಸ್ಸಿಲ್ಲ.”

“ನಾನು ಯುಗಾದಿಯಿಂದ ಮುಟ್ಟೇ ಇಲ್ಲ.”

“ನಿಮ್ಮೆಜಮಾನ್ರು ಒಂದು ಗ್ರೈಂಡರ್ ಕೊಡಿಸ್ತೀನಿ ಅಂದಿದ್ರಲ್ಲಾ?”

“ಅಂದ್ರು. ನಾನೇ ಬೇಡ ಅಂದೆ. ಮನೆಗೆ ತಂದ್ರೆ ಒಬ್ಳೇ ಗೋಡೆ ನೋಡ್ಕೊಂಡು ರುಬ್ಬಬೇಕು. ಅಲ್ಲಾದ್ರೆ ಬೀದಿಯವರೆಲ್ಲಾ ಸಿಗ್ತಾರೆ.”

“ಈಗ ಕೂರಕ್ಕೆ ಬೆಂಚು ಬೇರೆ ಹಾಕವ್ರೆ.”

“ಅಂಗಡಿಯವರ ಹೆಂಡ್ತಿ ಹೇಳಿ ಹಾಕ್ಸಿದ್ದಂತೆ. ಆಯಮ್ಮನ ಹೊಟ್ಟೆ ತಣ್ಣಗಿರ್ಲಿ.”

ಅಂಬುಜಾ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಇಬ್ಬರೂ ಎಣ್ಣೆ ತುಂಬಿಸಿಕೊಂಡು ಹೊರಟರು.

“ಬೇಗ ನಡಿಯೇ ಮುನಿತಾಯಿ, ಬೇಳೆ ನೆನೆಹಾಕ್ಬೇಕು.”