ಅಕ್ಕ ಸತ್ತರೆ ತಮ್ಮನ ಸರದಿ

ಬಾವಿಯ ಹತ್ತಿರ ಬಂದಾಗ ಬೀದಿದೀಪ ಆರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಂಥ ಕತೆಗಳಲ್ಲಿ ದೀಪ ಆರುವುದೊಂದು ಚಾಳಿ. ಇಲ್ಲಿ ದೀಪ ಉರಿಯುತ್ತಲೇ ಇತ್ತು. ಹತ್ತಾರು ಊರಿನ ಲಾಡ್ಜುಗಳಲ್ಲಿ ಮಲಗೆದ್ದವಳು ನಾನು, ದೆವ್ವಕ್ಕಿಂತ ತಿಗಣೆಗೇ ಹೆಚ್ಚು ಹೆದರಿದವಳು. ಆದರೆ ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು. ಅವಳ ಬಾಯಿಂದಲೇ ಕೇಳಿದ್ದು.

ಬೀದಿಗೆಲ್ಲ ಅವಳು ಕನ್ನಡಕದಕ್ಕ. ಅಪ್ಪನ ಕನ್ನಡಕದಂಗಡಿ ಅವಳ ಕೈಯಲ್ಲಿ. ಅವತ್ತು ಅಂಗಡಿ ಮುಚ್ಚಿ, ರಿಪೇರಿಯವನ ಹತ್ತಿರ ಹೋಗಿ, ಒಂದು ರಟ್ಟಿನ ಪೆಟ್ಟಿಗೆ ಕಂಕುಳಲ್ಲಿ ಅವುಚಿಕೊಂಡು ಮನೆಗೆ ಹೊರಟಿದ್ದಳು. ಹೊತ್ತು ಮೀರಿತ್ತು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಬಿಗಿದು ಕಾಲವಾಗಿತ್ತು. ಅದರ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ತೊಟಕ್… ತೊಟಕ್… ಆಮೇಲೆ ಅದೂ ನಿಂತಿತು.

"ಸತ್ತ್ಯಾ, ಅಕ್ಕಾ?"

ಪಿಸುಮಾತು. ಹುಡುಗನ ದನಿ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿಯುತ್ತಿದ್ದರು. ಇವಳು ಅಭ್ಯಾಸಬಲದಿಂದ ಉತ್ತರ ಕೊಟ್ಟಳು.

"ಇನ್ನೂ ಇಲ್ಲ, ಇರೋ."

ಮೈ ಜುಮ್ಮೆಂದದ್ದು ಆಮೇಲೆ. ಯಾಕೆಂದರೆ ಅವಳನ್ನು ಹಾಗೆ ಕೇಳುತ್ತಿದ್ದವನು ಲೋಕದಲ್ಲಿ ಒಬ್ಬನೇ… ಅವಳ ತಮ್ಮ. ಅವನನ್ನು ಮಣ್ಣು ಮಾಡಿ ಸ್ವಲ್ಪ ದಿನವಾಗಿತ್ತಷ್ಟೆ.

ಅವರ ಮನೆಯಲ್ಲಿ ಅದು 'ಊಟ ಆಯ್ತಾ' ಅನ್ನುವಷ್ಟು ಸಾದಾ ಮಾತು. ಇಬ್ಬರೂ ಚಿಕ್ಕವರಿದ್ದಾಗ ಅಪ್ಪ ಟೀವಿಗೆ ಸಿಕ್ಕಿಸುವ ವೀಡಿಯೋ ಗೇಮ್ ತಂದಿದ್ದರು. ಇದ್ದದ್ದು ಒಂದೇ ಕ್ಯಾಸೆಟ್. ಕುಡುಗೋಲು ಹಿಡಿದ ಒಬ್ಬ ಕುಳ್ಳ, ಮುರಿದ ಸೇತುವೆಗಳು, ಕಮರಿಗಳು, ಎದೆಗೇ ಬಂದು ಬಡಿಯುವ ಬಾವಲಿಗಳು. ಕುಳ್ಳ ಹಾರಬೇಕು, ಕಡಿಯಬೇಕು, ಕೋಟೆಯ ಬಾಗಿಲು ಮುಟ್ಟಬೇಕು. ಇಬ್ಬರು ಆಡಬಹುದು, ಆದರೆ ಒಟ್ಟಿಗಲ್ಲ. ಒಬ್ಬರ ಕುಳ್ಳ ಸತ್ತರೆ ಇನ್ನೊಬ್ಬರ ಸರದಿ. ಅಕ್ಕನದು ಕೆಂಪು ಕುಳ್ಳ, ತಮ್ಮನದು ಹಸಿರು.

ಅಕ್ಕ ಸಾಯುತ್ತಿರಲಿಲ್ಲ. ಅದೇ ತಾಪತ್ರಯ. ರಜೆಯ ಮಧ್ಯಾಹ್ನವೆಲ್ಲ ಅವನು ಎರಡನೇ ರಿಮೋಟು ಹಿಡಿದು, ಗೋಡೆಗೆ ಹೊಡೆದ ಮೊಳೆಯ ಹಾಗೆ ಕೂತಿರುತ್ತಿದ್ದ. ಹೆಸರೇ ಮೊಳೆ ಅಂತ ನಿಂತಿತು.

"ಸತ್ತ್ಯಾ ಅಕ್ಕಾ?"

"ಇನ್ನೂ ಇಲ್ಲ, ಇರೋ."

"ಬೇಗ ಸಾಯಕ್ಕಾ, ನಿನ್ನ ದಮ್ಮಯ್ಯ!"

ಒಮ್ಮೆ ಇದನ್ನು ಬಾಗಿಲಾಚೆಯಿಂದ ಕೇಳಿದ ಸೋದರತ್ತೆ ಕೈಲಿದ್ದ ತಟ್ಟೆ ಬಿಟ್ಟು ಓಡಿ ಬಂದಿದ್ದರು. ಅಕ್ಕ ಅಂತೂ ಇಂತೂ ಸಾಯುವ ಹೊತ್ತಿಗೆ ಅಮ್ಮ ಬಂದು ಟೀವಿ ಆರಿಸುತ್ತಿದ್ದಳು.

ದೊಡ್ಡವರಾದ ಮೇಲೂ ಅದೇ ಆಟ. ಅಪ್ಪ ಕಣ್ಣು ಮುಚ್ಚುವ ಮೊದಲು ಬಿಡಿಸಿ ಹೇಳಿದ್ದರು: ಮೊದಲು ಅಕ್ಕ ಅಂಗಡಿ ನಡೆಸಲಿ, ತಮ್ಮನ ಕೈ ಪಳಗಿದ ಮೇಲೆ ಅವನಿಗೆ ಬಿಟ್ಟುಕೊಡಲಿ. ಕೈ ಪಳಗಿತು. ಕೂದಲೂ ನರೆಯಿತು. "ಇದೊಂದು ವರ್ಷ ಕಳೀಲಿ, ಮೊಳೆ," ಅನ್ನುತ್ತಲೇ ಇದ್ದಳು. ಒಂದು ದಿನ ಅವನು ಜಗಳ ಕೂಡ ಆಡದೆ ಬೇರೆ ಊರಿಗೆ ಹೋದ. ಯಾರದೋ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜಿಕೊಂಡಿದ್ದು, ಅಲ್ಲೇ ಜ್ವರ ಬಂದು ಸತ್ತ. ಬಾಡಿಗೆ ಕೋಣೆಯಿಂದ ಬಂದ ಅವನ ಸಾಮಾನಿನಲ್ಲಿ ಬಟ್ಟೆಯ ಗಂಟೊಂದು, ಈ ಗೇಮು. ಇಷ್ಟು ವರ್ಷ ಇಟ್ಟುಕೊಂಡಿದ್ದ.

ತಮ್ಮನ ನೆನಪಿಗೆ ಅಂತ ರಿಪೇರಿ ಮಾಡಿಸುತ್ತಿದ್ದೇನೆ ಅಂತ ಅವಳು ಊರಿಗೆಲ್ಲ ಹೇಳಿದಳು. ನನ್ನೆದುರು ಮಾತ್ರ ನಿಜ ಕಕ್ಕಿದಳು. "ಹಸಿರು ಕುಳ್ಳನಿಗೆ ಒಂದೇ ಒಂದು ಸಲ 'ಆಡೋ' ಅನ್ನಬೇಕಿತ್ತು ಕಣೇ. ಅಂದುಬಿಟ್ಟರೆ ನಿದ್ದೆ ಬರುತ್ತೇನೋ ಅಂತ."

ರಿಪೇರಿಯವನು ಪೆಟ್ಟಿಗೆ ಕೊಡುವಾಗ, "ಅಕ್ಕಾ, ಎರಡನೇ ರಿಮೋಟು ಹೆಣ. ತಂತಿ ಇಲಿ ಕಡಿದಿದೆ. ಒಬ್ಬರೇ ಆಡ್ಕೊಳ್ಳಿ," ಅಂದಿದ್ದ.

"ಒಬ್ಬಳೇ ತಾನೆ ಆಡಿದ್ದು," ಅಂದಿದ್ದಳು ಇವಳು.

ಬಾವಿ ದಾಟಿ ಹೇಗೆ ಬಂದಳೋ, ಅವಳಿಗೇ ನೆನಪಿಲ್ಲ. ಬಾಗಿಲ ಚಿಲಕ ಹಾಕಿದಳು. ಕ್ಯಾಸೆಟ್ಟಿನ ಬಾಯಿಗೆ 'ಫೂ' ಅಂತ ಊದಿ ಒಳಗೆ ತುರುಕಿದಳು. ಕಟಕ್. ಟೀವಿ ಗುಂಯ್ ಅಂದಿತು. ಬೆರಳು ತಾನಾಗಿ ಹೋಗಿ ಇಬ್ಬರ ಆಟವನ್ನೇ ಒತ್ತಿತು. ಕೆಂಪು ಕುಳ್ಳ ಓಡಿದ. ಬೆರಳಿಗೆ ವಯಸ್ಸಾಗಿತ್ತು… ಮೊದಲ ಬಾವಲಿಯೇ ಬಡಿದು ಕಮರಿಗೆ ಕೆಡವಿತು. ಪೀಯ್ಯೂಊಂ…

ಪರದೆ ಕಪ್ಪಾಯಿತು. ಹಸಿರು ಕುಳ್ಳ ಬಂದು ನಿಂತ.

ಎರಡನೇ ರಿಮೋಟು ಚಾಪೆಯ ಮೇಲೆ, ಕಡಿದ ತಂತಿಯ ಜೊತೆ, ಬಿದ್ದಿತ್ತು. ಅವಳು ಅದಕ್ಕೆ ಕೈ ಚಾಚಲಿಲ್ಲ.

ಚಿಟಕ್.

ಗುಂಡಿ ಒತ್ತಿದ ಸದ್ದು. ಚಿಟಕ್, ಚಿಟಕ್… ಹಸಿರು ಕುಳ್ಳ ಓಡತೊಡಗಿದ.

"ನೀನು ನೋಡಬೇಕಿತ್ತು ಕಣೇ," ಅಂದಳು ನನ್ನ ಹತ್ತಿರ. "ನನಗಿಂತ ಚೆನ್ನಾಗಿ ಆಡ್ತಿದ್ದ."

ಆಡಿ ಕಲಿತದ್ದಲ್ಲವಲ್ಲ, ಪಕ್ಕದಲ್ಲಿ ಕೂತು ನೋಡಿ ನೋಡಿ ಕಲಿತದ್ದು. ಬಾವಲಿ ಬರುವ ಮೊದಲೇ ಬಗ್ಗುತ್ತಿದ್ದ. ಅವಳು ಸದಾ ತಡವರಿಸುತ್ತಿದ್ದ ಸೇತುವೆಯನ್ನು ಒಂದೇ ನೆಗೆತಕ್ಕೆ ದಾಟಿದ. ಅವಳು ಜನ್ಮದಲ್ಲಿ ಕಾಣದ ಗೋಡೆಗಳು, ಮೆಟ್ಟಿಲುಗಳು ಬಂದವು. ಕೋಟೆಯ ಬಾಗಿಲೂ ಬಂತು. ಅವನು ಅದನ್ನು ಮುಟ್ಟಲಿಲ್ಲ. ತಿರುಗಿದ. ಬಂದ ದಾರಿಯಲ್ಲೇ ನಡೆದು ಕೊನೆಯ ಕಮರಿಯ ಅಂಚಿಗೆ ನಿಂತ.

"ಮೊಳೆ…?"

ಚಾಪೆಯ ಕಡೆಯಿಂದ ಉಸಿರು.

"ಅಕ್ಕಾ… ಇನ್ನೂ ಆಡ್ಲಾ?"

ಆಡೋ. ಒಂದೇ ಮಾತು. ಅದಕ್ಕೇ ಅಲ್ಲವೇ ಇಷ್ಟೆಲ್ಲ ಮಾಡಿಸಿದ್ದು? ಬಾವಿ ಸಿಗುವ ತನಕ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆದರೆ ಅವಳ ಹೆಬ್ಬೆರಳು ತನ್ನ ರಿಮೋಟಿನ ಮೇಲಿತ್ತು, ತುರಿಸುತ್ತಿತ್ತು. ಅವನು ಒಂದು ಆಯುಷ್ಯ ಕಾದಿದ್ದ. ಇವಳಿಗೆ ಹಾಲು ಉಕ್ಕುವಷ್ಟು ಹೊತ್ತು ಕಾಯಲಾಗಲಿಲ್ಲ.

"ಸಾಕು," ಅಂದಳು. "ಬೇಗ ಸಾಯೋ. ನನ್ನ ಸರದಿ."

ಹಸಿರು ಕುಳ್ಳ ಹಾರಲಿಲ್ಲ. ಸುಮ್ಮನೆ ಒಂದು ಹೆಜ್ಜೆ ಮುಂದಿಟ್ಟ. ಪೀಯ್ಯೂಊಂ… ಕೆಂಪು ಕುಳ್ಳ ಬಂದು ನಿಂತ.

ಆಮೇಲೆ ಏನು ಮಾಡಿದೆ ಅಂತ ಕೇಳಿದೆ. ಸೆರಗಿನ ಅಂಚು ಸುರುಳಿ ಸುತ್ತಿದಳು.

"ಆಡಿದೆ," ಅಂದಳು. "ಬೆಳಗಿನ ತನಕ. ಸಾಯಲೇ ಇಲ್ಲ."

ಇನ್ನೊಂದು ಮಾತಿದೆ. ಅವಳ ಅಂಗಡಿಯಲ್ಲಿ ಗಾಜು ಉಜ್ಜುವ ತಿರುಗುಕಲ್ಲಿಗೆ ನೀರು ಕುಡಿಸಲು ಪಕ್ಕದಲ್ಲೊಂದು ಸ್ಪಂಜು ಇರುತ್ತದೆ. ಸಂಜೆ ಹಿಂಡಿಟ್ಟರೆ ಬೆಳಗ್ಗೆ ಒಣಗಿ ರಟ್ಟಾಗಿರಬೇಕು. ಆ ರಾತ್ರಿಯ ನಂತರ ಒಂದು ದಿನವೂ ಒಣಗಿಲ್ಲವಂತೆ. ಅಂಗಡಿಗೆ ಬೀಗದಕೈ ಇರುವುದು ಒಂದೇ, ಅದು ಅವಳ ಸೊಂಟದಲ್ಲೇ. ನಂಬದಿದ್ದರೆ ಬಿಡಿ. ಹೋದ ವಾರ ನಾನೇ ಅವಳ ಜೊತೆ ಹೋಗಿ ಷಟರ್ ಎತ್ತಿದೆ. ಕಲ್ಲು ತಿರುಗುತ್ತಿತ್ತು ಅಂತೆಲ್ಲ ಸುಳ್ಳು ಹೇಳುವುದಿಲ್ಲ, ನಿಂತಿತ್ತು. ಸ್ಪಂಜನ್ನು ಈ ಕೈಯಲ್ಲಿ ಹಿಂಡಿದೆ.

ನೀರು ಬಂತು.