ಸಾಹೇಬರು ಕೇಳಿದ ಅರಿವು

ಗಾಂಧಿ ಚೌಕದಲ್ಲಿ ತಿಕೋಟಾ ಬಸ್ಸಿಗೆ ಪಾಳಿಯಲ್ಲಿ ನಿಂತಿದ್ದ ದಶರಥ ಮಾಸ್ತರರು, ಮುಂದಿನವರ ಮಾತು ಪೂರ್ತಿ ಕೇಳುವ ಆಸೆಗೆ, ಬಸ್ಸು ತಡವಾಗಲಿ ಎಂದೇ ಹಾರೈಸತೊಡಗಿದರು. ಅವರ ಮುಂದೆ ಕಾಲೇಜಿನ ಜವಾನ ಅಂಬಾದಾಸ, ಊರಿಗೆ ಹೊರಟ ಸೋದರತ್ತೆ ರುಕ್ಮವ್ವನಿಗೆ ಕೈಮುಗಿಯುತ್ತಿದ್ದ.

“ಅತ್ತಿ, ನಿನ್ನ ಹಳೀ ಸೀರಿ ನನ್ನ ನೌಕರಿ ಉಳಿಸ್ತು ಬೇ.”

“ಕೂಸಿಗೆ ಹೊಚ್ಚಾಕ ಕೌದಿ ಹೊಲೀರಿ ಅಂತ ಕೊಟ್ಟಿದ್ನೆಲ್ಲೋ! ಏನ್ ಮಾಡಿದಿ?”

“ಕಾಲೇಜಿನ್ಯಾಗ ಗಾಜಿನ ದೊಡ್ಡ ತೊಟ್ಟಿ ಐತಿ. ನೀರು ರಾಡಿ ಆಗಿ ದಿನಕ್ಕೊಂದು ಮೀನು ಸಾಯಾಕತ್ತಿತ್ತು. ಇನ್ನೊಂದು ಸತ್ರ ನಿನ್ನ ಮನಿಗೆ ಕಳಸ್ತೀನಿ ಅಂದಿದ್ರು ನಮ್ಮ ಪ್ರಿನ್ಸಿಪಾಲ ಸಾಹೇಬ್ರು.”

“ನೀರು ಸೋಸಬೇಕಿಲ್ಲೋ?”

“ತಳಕ್ಕ ತೂತು ಕೊರದ ಗಡಿಗ್ಯಾಗ ಇದ್ದಿಲಿ ಹಾಕಿ ಸೋಸಿದೆ, ನೀರು ಕರ್ರಗಾತು. ಉಸುಕು ಹಾಕಿದೆ, ಗಡಿಗಿ ತೂತು ಕಟ್ಟಿತು. ಮತ್ತ್ಯಾತರಿಂದ ಸೋಸ್ಲಿ ಅಂತ ಕೇಳಿದ್ರ...”

ಅಂಬಾದಾಸ ಇಲ್ಲದ ಕನ್ನಡಕ ಏರಿಸಿ, ಮೈಸೂರು ಕಡೆಯ ಸಾಹೇಬರ ದನಿ ತೆಗೆದ. “‘ಅದಕ್ಕೆಲ್ಲಾ ಸ್ವಲ್ಪ ಅರಿವು ಬೇಕಪ್ಪಾ!’ ಅಂದ್ರು.”

“ಅರಿವಿ ಬೇಕಂದ್ರ ಕೊಡಬೇಕಪಾ.”

“ನಾನೂ ಹಂಗ ತಿಳದೆ! ನಿನ್ನ ಸೀರಿ ನಾಕು ಪದರು ಮಾಡಿ ಗಡಿಗಿ ಬಾಯಿಗೆ ಕಟ್ಟಿದೆ. ನೀರು ತಿಳಿ ಆತು. ಮೀನೂ ಉಳದೂ, ನಾನೂ ಉಳದೆ.”

“ಸಾಹೇಬ್ರು?”

“‘ನಾನು ಕೇಳಿದ್ದು ಬಟ್ಟೆಯಲ್ಲ ಕಣಯ್ಯಾ, ತಿಳಿವಳಿಕೆ’ ಅಂತ ಬಿದ್ದುಬಿದ್ದು ನಕ್ರು. ನಿನಗ ನಮಸ್ಕಾರ ಹೇಳ್ಯಾರ.”

ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತ ರುಕ್ಮವ್ವ ಗಂಟಿನಿಂದ ಇನ್ನೊಂದು ಹಳೆಯ ಸೀರೆ ತೆಗೆದು ಅವನ ಹೆಗಲಿಗೆ ಹಾಕಿದಳು.

“ಈ ಅರಿವಿ ಕೂಸಿಂದು ಲೇ. ಅಷ್ಟು ಅರಿವು ಇರಲಿ!”